ಮ್ಯೂಸಿಯಂಗೆ ಕ್ರಿಕೆಟ್ ದಿಗ್ಗಜರ ಪೋರ್ಟ್ರೇಟ್ ಮಾಡಿಕೊಡೂದು ಹೆಂಗ: ಆರ್ಡರ್ ಹಿಡಿಯೂದರಿಂದ ಗೋಡಿಗೆ ಹಾಕೂ ತನಕ

ಬೆಳಗಾವಿಯಾಗ ಪೋರ್ಟ್ರೇಟ್ ಮಾಡೋರಿಗೇನು ಬರ ಇಲ್ಲ. ಚಿತ್ರಗಾರ ಕೆ.ಬಿ. ಕುಲಕರ್ಣಿ ಸರ್ ಕಲಿಸಿದ ಊರಿದು, ಅವರ ಕೈಯಾಗ ಕಲತವರು, ಆ ಕಲತವರ ಕೈಯಾಗ ಕಲತವರು ಈಗೂ ಟಿಳಕವಾಡಿ, ಶಹಾಪುರ ಕಡೆ ಸಿಗ್ತಾರ. ಆದ್ರ ನಮಗ ಬರೂ ಆರ್ಡರ್ ಬಹುತೇಕ ಅಜ್ಜಂದು ಪಾಸ್‌ಪೋರ್ಟ್ ಫೋಟೋ ಕೊಟ್ಟು ದೊಡ್ಡದು ಮಾಡಿಕೊಡ್ರಿ ಅನ್ನೂದು, ಇಲ್ಲಾ ಸಂಸ್ಥೆ ಕಟ್ಟಿದ ಹಿರಿಯರದು. ಕಾಲೇಜು, ಟ್ರಸ್ಟು, ಕ್ರಿಕೆಟ್ ಕ್ಲಬ್‌ನವರು ಮ್ಯೂಸಿಯಂ ಮಾಡ್ತೇವಿ, ಕ್ರಿಕೆಟ್ ದಿಗ್ಗಜರದು ಒಂದು ಸಾಲು ಪೇಂಟಿಂಗ್ ಬೇಕು ಅಂದ್ರ ಹುಡುಗರು ಖುಷಿಯಾಗಿ ಹೂಂ ಅಂದುಬಿಡ್ತಾರ, ಆಮ್ಯಾಲ ಫೋನ್ ಮಾಡಿ ಎಲ್ಲಿಂದ ಶುರು ಮಾಡ್ಲಿ ಅಣ್ಣಾ ಅಂತ ಕೇಳ್ತಾರ. ಅವರಿಗಂತ ಇದನ್ನ ಬರ್ಯಾಕತ್ತೀನಿ, ಸ್ವಲ್ಪ ಉದ್ದ ಆಗ್ತೈತಿ, ಚಹಾ ಇಟ್ಟುಕೊಂಡು ಓದ್ರಿ.

ಮೊದಲ ವರ್ಷ, ಆಮ್ಯಾಲ ಮುಖ

ಮ್ಯೂಸಿಯಂನವರು ಹೆಸರಿನ ಪಟ್ಟಿ ಕೊಡ್ತಾರ, ಕುಂಬ್ಳೆ ಅವರದೊಂದು, ದ್ರಾವಿಡ್ ಅವರದೊಂದು, ವಿಶ್ವನಾಥ್ ಅವರದೊಂದು ಅಂತ. ಅಷ್ಟಕ್ಕ ಒಪ್ಪಬ್ಯಾಡ್ರಿ. ಯಾವ ವರ್ಷದ ಕುಂಬ್ಳೆ ಅಂತ ಕೇಳ್ರಿ. 1990ರಾಗ ಟೀಮಿಗೆ ಬಂದಾಗ ಕನ್ನಡಕ ಹಾಕ್ಕೊಂಡು ಬೌಲಿಂಗ್ ಮಾಡ್ತಿದ್ದ ಹುಡುಗನ್ನ ಬರಿಬೇಕೋ, 1999ರ ಫೆಬ್ರುವರಿಯಾಗ ದಿಲ್ಲಿ ಕೋಟ್ಲಾದಾಗ ಪಾಕಿಸ್ತಾನದ 10 ವಿಕೆಟ್ 74 ರನ್ನಿಗೆ ತಗೊಂಡವರನ್ನೋ, 2002ರಾಗ ಆಂಟಿಗುವಾದಾಗ ಒಡೆದ ದವಡಿಗೆ ಬ್ಯಾಂಡೇಜ್ ಸುತ್ಕೊಂಡು ಬಂದು ಲಾರಾನ್ನ ಔಟ್ ಮಾಡಿದವರನ್ನೋ? ಮೂರೂ ಕುಂಬ್ಳೇನ, ಆದ್ರ ಮುಖ, ಬಟ್ಟಿ, ಬೆಳಕು ಮೂರರಾಗೂ ಬ್ಯಾರೆ. ಮೂರನ್ನೂ ಕಲಸಿ ಒಂದು ಚಂದನ ಮುಖ ಮಾಡಿದ್ರ ಕ್ಯಾಲೆಂಡರ್‌ಗೆ ನಡೀತೈತಿ, ಮ್ಯೂಸಿಯಂಗೆ ನಡಿಯೂದಿಲ್ಲ. ಯಾಕಂದ್ರ ಅಲ್ಲಿಗೆ ಬರೋರಾಗ ಆ ಮ್ಯಾಚ್ ರೇಡಿಯೋದಾಗ ಕೇಳಿದವರು, ಟಿವಿಯಾಗ ನೋಡಿದವರು ಇರ್ತಾರ, ಅವರು ಮೊದಲ ಹಿಡಿಯೂದ ನಿಮ್ಮ ತಪ್ಪು.

ವರ್ಷ ಗಟ್ಟಿ ಆತಂದ್ರ ಅರ್ಧ ಪ್ರಶ್ನೆ ತಾವಾಗೇ ಮುಗೀತಾವ. ವಿಶ್ವನಾಥ್ ಅವರದು 1967ರ ಆಟ ಬೇಕು ಅಂದ್ರು ಅಂತ ಇಟ್ಕೊರಿ, ಆಂಧ್ರದ ಮ್ಯಾಲ ಮೊದಲ ರಣಜಿ ಮ್ಯಾಚಿನಾಗ 230 ಹೊಡೆದದ್ದು. ಆವಾಗ ಟೀಮಿನ ಹೆಸರು ಮೈಸೂರು. ರಾಜ್ಯಕ್ಕ ಕರ್ನಾಟಕ ಅಂತ ಹೆಸರಾದದ್ದ 1973ರ ನವೆಂಬರ್ 1ಕ್ಕ, ಅದಕ್ಕ ಕ್ಯಾಪ್ ಮ್ಯಾಲ, ಲೇಬಲ್ ಮ್ಯಾಲ ಕರ್ನಾಟಕ ಅಂತ ಬರದ್ರ ಇತಿಹಾಸ ಮಾಸ್ತರು ಬಂದು ಕಿವಿ ಹಿಂಡ್ತಾರ. 1969ರ ಕಾನ್ಪುರ, ಮೊದಲ ಟೆಸ್ಟಿನಾಗ 137, ಅದು ಬೇಕಂದ್ರ ಇಂಡಿಯಾ ಕ್ಯಾಪ್, ತಲಿ ಮ್ಯಾಲ ಹೆಲ್ಮೆಟ್ ಇಲ್ಲ, ಹೆಲ್ಮೆಟ್ ಚಾಲ್ತಿಗೆ ಬಂದದ್ದ 70ರ ದಶಕದ ಕೊನಿಗೆ. ಬ್ಯಾಟಿನ ಅಂಚು ತೆಳ್ಳಗ ಬರೀರಿ. ಈಗಿನ ಬ್ಯಾಟ್ ನೋಡಿ ಬರದ್ರ ಅಂಚು ದಪ್ಪ ಆಗಿಬಿಡ್ತೈತಿ, ಈಗಿನವು ಎಷ್ಟು ದಪ್ಪ ಆಗಿದ್ವು ಅಂದ್ರ 2017ರಾಗ ಅಂಚಿಗೆ 40 ಮಿಲಿಮೀಟರ್ ಅಂತ ಮಿತಿ ಹಾಕಬೇಕಾತು. ಅಗಲ ಮಾತ್ರ ಅವತ್ತೂ ಇವತ್ತೂ ನಾಲ್ಕೂಕಾಲು ಇಂಚ.

1983ರ ವರ್ಲ್ಡ್ ಕಪ್ಪಿನ ಬಿನ್ನಿ, ಕಿರ್ಮಾನಿ ಬರೀಬೇಕಂದ್ರ ಬಿಳಿ ಬಟ್ಟಿ, ಕೆಂಪು ಬಾಲ್. ಅದು 60 ಓವರಿನ ಕಪ್. ಬಣ್ಣದ ಡ್ರೆಸ್, ಬಿಳಿ ಬಾಲ್ ವರ್ಲ್ಡ್ ಕಪ್ಪಿಗೆ ಬಂದದ್ದು 1992ರಾಗ, ನೀಲಿ ಬರದ್ರ ಮುಗೀತು ಕಥಿ. ಟೆಸ್ಟ್ ಶರ್ಟಿನ ಬೆನ್ನ ಮ್ಯಾಲ ಹೆಸರು, ನಂಬರ್ ಬಂದದ್ದು 2019ರಾಗ, ಹಂಗಾಗಿ ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಯಾರ ಟೆಸ್ಟ್ ಶರ್ಟಿಗೂ ನಂಬರ್ ಹಾಕಬ್ಯಾಡ್ರಿ. ಎದಿ ಮ್ಯಾಲಿನ ಸ್ಪಾನ್ಸರ್ ಹೆಸರು, ಪ್ಯಾಡಿಗೆ ಬಕಲ್ಲೋ ವೆಲ್ಕ್ರೋನೋ, ಇವೆಲ್ಲಾ ಆ ವರ್ಷದ ಫೋಟೋ ಮುಂದಿಟ್ಕೊಂಡ ತೀರ್ಮಾನ ಮಾಡ್ರಿ.

ಪಟ್ಟಿ ಕೊಟ್ಟಾಗ ಇನ್ನೊಂದು ಮಾತು ಕೇಳ್ರಿ, ಹೆಣ್ಮಕ್ಕಳ ಹೆಸರು ಎಲ್ಲಿ ಅಂತ. 1976ರಾಗ ಮೊದಲ ಟೆಸ್ಟ್ ಆಡಿದ ಇಂಡಿಯಾ ಮಹಿಳಾ ಟೀಮಿಗೆ ಕ್ಯಾಪ್ಟನ್ ಶಾಂತಾ ರಂಗಸ್ವಾಮಿ, ನಮ್ಮ ರಾಜ್ಯಕ್ಕ ಆಡಿದವರು, ಅವರಿಲ್ಲದ ಸಾಲು ಅರ್ಧ ಸಾಲು. ಮತ್ತ ನಮ್ಮ ಭಾಗಕ್ಕ ಹತ್ತಿರದವರು ಅಂದ್ರ ವಿಜಯ್ ಹಜಾರೆ, ಹುಟ್ಟಿದ್ದು ಪಕ್ಕದ ಸಾಂಗಲಿಯಾಗ, 1952ರಾಗ ಮದ್ರಾಸಿನಾಗ ಇಂಗ್ಲೆಂಡನ್ನ ಸೋಲಿಸಿ ಇಂಡಿಯಾ ಮೊದಲ ಟೆಸ್ಟ್ ಗೆದ್ದಾಗ ಕ್ಯಾಪ್ಟನ್. ಕಮಿಟಿಯವರಿಗೆ ಇದು ಹೊಳದಿರೂದಿಲ್ಲ, ನೀವ ಹೇಳ್ರಿ.

ಬಾಯಿ ಮಾತು ಬ್ಯಾಡ, ಬರದು ಮಾಡ್ಕೊರಿ

ನಮ್ಮ ಕಡೆ ಮೊದಲ ಪ್ರಶ್ನೆ "ಸ್ಕ್ವೇರ್ ಫೂಟಿಗೆ ಎಷ್ಟ್ರೀ?" ಅಂತ, ಟೈಲ್ಸ್ ಕೂಡ್ಸೋರಿಗೆ ಕೇಳಿದಂಗ. ಸಿಟ್ಟಿಗೇಳಬ್ಯಾಡ್ರಿ. ಬರೇ ಎದಿಮಟ 24×30 ಇಂಚು, ಮೊಳಕಾಲ ತನಕ 36×48, ಪೂರಾ ನಿಂತದ್ದು 4×6 ಅಡಿ ಅಂತ ಮೂರು ಅಳತಿ ಇಟ್ಟು, ಕೈ ಕಾಣ್ತಾವೋ ಇಲ್ಲೋ, ಹಿಂದ ಸ್ಟೇಡಿಯಂ ಬೇಕೋ ಸಾದಾ ಬಣ್ಣ ಸಾಕೋ ಅನ್ನೂದರ ಮ್ಯಾಲ ರೇಟ್ ಹೇಳ್ರಿ. ನಾ ಅಂತೂ ದುಡ್ಡನ್ನ ಮೂರು ಪಾಲು ಮಾಡ್ತೀನಿ, ಶುರುವಿಗೊಂದು, ಸ್ಕೆಚ್ ಪಾಸಾದ ಮ್ಯಾಲೊಂದು, ಕೊಟ್ಟಾಗೊಂದು. ಉದ್ಘಾಟನಿ ಆದ ಮ್ಯಾಲ ಕೊಡ್ತೇವಿ ಅನ್ನೋರ ಕಡೆ ಮೊದಲ ಎರಡು ಪಾಲು ಮುಂಗಡನ ಇಸ್ಕೊರಿ, ಹಾರ ತುರಾಯಿ ಗದ್ದಲದಾಗ ಚಿತ್ರಗಾರನ ನೆನಪು ಯಾರಿಗೂ ಇರೂದಿಲ್ಲ.

ಕಾಪಿರೈಟ್ ವಿಷಯ ಭಾಳ ಮಂದಿಗೆ ಗೊತ್ತಿಲ್ಲ. 1957ರ ಕಾಪಿರೈಟ್ ಕಾಯ್ದೆ ಸೆಕ್ಷನ್ 17ರ ಪ್ರಕಾರ ಯಾರರೆ ದುಡ್ಡು ಕೊಟ್ಟು ಹೇಳಿ ಮಾಡ್ಸಿದ ಪೋರ್ಟ್ರೇಟಿಗೆ, ಬ್ಯಾರೆ ಒಪ್ಪಂದ ಇರಲಿಲ್ಲಂದ್ರ, ಮೊದಲ ಕಾಪಿರೈಟ್ ಮಾಲಕ ಅದನ್ನ ಮಾಡ್ಸಿದವರ. ಅಂದ್ರ ನಾಳೆ ಅವರು ಅದನ್ನ ಪೋಸ್ಟರ್, ಟೀ ಶರ್ಟ್, ಚಹಾ ಮಗ್ಗಿನ ಮ್ಯಾಲ ಹಚ್ಚಿ ಮಾರಿದ್ರ ನೀವು ಬಾಯಿ ಬಿಡೂ ಹಂಗಿಲ್ಲ. ಕಾಪಿರೈಟ್ ನನ್ನ ಕಡೆ ಇರ್ತೈತಿ, ಮ್ಯೂಸಿಯಂ ತೋರ್ಸಾಕ, ಕ್ಯಾಟಲಾಗಿನಾಗ ಹಾಕಾಕ ಬಳಸಬಹುದು ಅಂತ ಒಂದ ಸಾಲು ಬರಸ್ರಿ. ಅವರು ಒಪ್ಪಲಿಲ್ಲಂದ್ರ ರೇಟ್ ಏರಿಸ್ರಿ. ಚಿತ್ರದ ಮ್ಯಾಲ ಚಿತ್ರಗಾರನ ಹೆಸರಿರಬೇಕು, ಚಿತ್ರ ಕೆಡಿಸಿ ಅವನ ಮರ್ಯಾದಿ ಕಳಿಬಾರದು ಅನ್ನೂ ಹಕ್ಕು ಸೆಕ್ಷನ್ 57ರಾಗ ಐತಿ, ಕಾಪಿರೈಟ್ ಬಿಟ್ಟುಕೊಟ್ರೂ ಅದು ನಿಮ್ಮ ಕಡೇನ ಉಳೀತೈತಿ.

ಫೋಟೋ: ಎಷ್ಟು ಸಿಕ್ರೂ ಸಾಲಂಗಿಲ್ಲ

ಗೂಗಲ್ಲಿನಾಗ ಮೊದಲ ಸಿಕ್ಕ ಫೋಟೋ ಹಿಡಕೊಂಡು ಗ್ರಿಡ್ (ಅಳತಿಗೆ ಚೌಕದ ಗೆರಿ) ಹಾಕೂದು ಎಲ್ಲಾರೂ ಮಾಡ್ತಾರ, ಅದಕ್ಕ ಎಲ್ಲಾ ಊರಿನ ಪೇಂಟಿಂಗೂ ಒಂದ ಥರ ಕಾಣ್ತಾವ. ಇನ್ನೊಂದು ತಾಪತ್ರಯ ಏನಂದ್ರ ಆ ಫೋಟೋಕ್ಕೂ ಒಬ್ಬ ಮಾಲಕ ಇರ್ತಾನ. ನಮ್ಮ ಕಾಯ್ದೆದಾಗ, 2012ರ ತಿದ್ದುಪಡಿ ಆದ ಮ್ಯಾಲ, ಫೋಟೋ ತಗದವರು ಬದುಕಿರೂ ತನಕ, ಅವರು ತೀರಿದ ಮ್ಯಾಲ ಮತ್ತ 60 ವರ್ಷ ಕಾಪಿರೈಟ್ ಇರ್ತೈತಿ. ಹಂಗಾಗಿ ಪೇಪರಿನವರ, ಏಜೆನ್ಸಿಯವರ ಅಥವಾ ಆಟಗಾರರ ಮನಿಯವರ ಒಪ್ಪಿಗಿ ಮ್ಯೂಸಿಯಂನವರ ಕಡಿಂದ ಕೇಳಸ್ರಿ, ಅದು ಅವರ ಕೆಲಸ ಅಂತ ಒಪ್ಪಂದದಾಗ ಬರದುಬಿಡ್ರಿ. ಮನಿ ಆಲ್ಬಮ್ ಸಿಕ್ರಂತೂ ಬಂಗಾರ, ಅಲ್ಲಿ ಆಟಗಾರರು ಪೋಸ್ ಕೊಡದ ಹಂಗ ಇರ್ತಾರ.

ಫೋಟೋ ಸುಳ್ಳು ಹೇಳ್ತೈತಿ, ಇದು ನೆನಪಿರಲಿ. ಮ್ಯಾಚಿನ ಫೋಟೋ ಬೌಂಡರಿ ಆಚಿಂದ ಉದ್ದ ಲೆನ್ಸಿನಾಗ ತಗದಿರ್ತಾರ, ಮುಖ ಚಪ್ಪಟಿ ಆಗ್ತೈತಿ, ಮೂಗಿನ ಎತ್ತರ ಹೋಗ್ತೈತಿ. ಮೊಬೈಲಿನಾಗ ಹತ್ತಿರ ಹಿಡದು ತಗದ್ರ ಉಲ್ಟಾ, ಮೂಗು ದೊಡ್ಡದು, ಕಿವಿ ಹಿಂದ. ಅದಕ್ಕ ಒಂದ ಫೋಟೋ ನಂಬಬ್ಯಾಡ್ರಿ, ಅದ ವರ್ಷದ್ದು ಮುಂದಿಂದು, ಬಾಜೂದು, ಮುಕ್ಕಾಲು ತಿರುಗಿದ್ದು ಹೊಂದಿಸಿ ಇಟ್ಕೊಂಡು ಮಣ್ಣಿನಾಗ ಒಂದು ಸಣ್ಣ ತಲಿ ಮಾಡಿ ನೋಡ್ರಿ, ಜೇಡಿಮಣ್ಣು ಸಾಕು, ಬೆಳಕು ಎಲ್ಲಿಂದ ಬಂದ್ರ ನೆರಳು ಎಲ್ಲಿ ಬೀಳ್ತೈತಿ ಅನ್ನೂದು ಕೈಗೆ ತಿಳೀತೈತಿ.

ಆಟಗಾರರು ಇದ್ದಾರ, ಭೇಟಿ ಸಿಗ್ತೈತಿ ಅಂದ್ರ ಬೆಂಗಳೂರಿಗೆ ರಾತ್ರಿ ಬಸ್ ಹತ್ರಿ. ಒಂದು ತಾಸು ಕೇಳ್ರಿ, ಜಾಸ್ತಿ ಕೇಳಿದ್ರ ಅದೂ ಸಿಗೂದಿಲ್ಲ. ಎಂಟ್ಹತ್ತು ಅಡಿ ದೂರ ನಿಂತು ಕಿಟಕಿ ಬೆಳಕಿನಾಗ ಫೋಟೋ ತಗೋರಿ, ಒಂದೆರಡು ಪೆನ್ಸಿಲ್ ಸ್ಕೆಚ್ ಮಾಡ್ರಿ, ಕೈದು ಬ್ಯಾರೆ ಫೋಟೋ ತಗೋರಿ. ವಯಸ್ಸಾದ ಮ್ಯಾಲ ಚರ್ಮ ಇಳದಿರ್ತೈತಿ ಖರೆ, ಕಣ್ಣಿನ ನಡುವಿನ ಅಂತರ, ಹುಬ್ಬಿನ ಎಲುಬು ಎಲ್ಲೂ ಹೋಗಿರೂದಿಲ್ಲ, ಹಳೇ ಫೋಟೋದಾಗಿನ ಚಪ್ಪಟಿ ಮುಖಕ್ಕ ಜೀವ ಬರೂದ ಇಲ್ಲಿಂದ. ಒಂದು ಬಾಲ್ ಕೈಯಾಗ ಕೊಡ್ರಿ, ಸರ್, ನಿಮ್ಮ ಗ್ರಿಪ್ ಒಂದಿಷ್ಟು ತೋರಸ್ರಿ ಅನ್ರಿ. ಅಲ್ಲಿತನ ಫೋಟೋಕ್ಕ ಕುಂತಂಗ ಕುಂತಿದ್ದ ಮನಷಾ ಆವಾಗ ನೋಡ್ರಿ, ಭುಜ ಇಳೀತಾವ, ಬೆರಳು ತಾವ ಜಾಗ ಹುಡುಕ್ಕೊಂತಾವ.

ಗ್ರೌಂಡಿಗೆ ಹೋಗ್ರಿ

ಸ್ಟುಡಿಯೋದಾಗ ಟ್ಯೂಬ್‌ಲೈಟಿನ ಬುಡಕ ಕ್ರಿಕೆಟಿಗನ್ನ ಬರದ್ರ ಅಂವ ಬ್ಯಾಂಕ್ ಮ್ಯಾನೇಜರ್ ಕಂಡಂಗ ಕಾಣ್ತಾನ. ಬೆಳಿಗ್ಗಿ ಹನ್ನೊಂದಕ್ಕ ಕ್ಯಾಂಪಿನ ಯೂನಿಯನ್ ಜಿಮಖಾನಾ ಗ್ರೌಂಡಿಗೋ, ಆಟೋನಗರದ ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಸ್ಟೇಡಿಯಂ ಕಡೆಗೋ ಹೋಗ್ರಿ, ಅನುಮತಿ ಕೇಳಿ ಒಬ್ಬ ಕ್ಲಬ್ ಹುಡುಗನಿಗೆ ಬಿಳಿ ಡ್ರೆಸ್ಸು, ಕ್ಯಾಪು ಹಾಕ್ಸಿ ನಿಲ್ಲಸ್ರಿ. ಮುಖ ಅವಂದು ಬ್ಯಾಡ, ಮೈ ನಿಲುವು, ಬಟ್ಟಿ ಮಡಿಕಿ, ಬೆಳಕು ಅಷ್ಟ ಬೇಕು. ನೀವು ಬರಿಯೋ ಆಟಗಾರರ ಎತ್ತರಕ್ಕ, ಮೈಕಟ್ಟಿಗೆ ಹೊಂದೋ ಹುಡುಗನ್ನ ಹುಡುಕ್ರಿ, ವಿಶ್ವನಾಥ್ ಗಿಡ್ಡ, ಶ್ರೀನಾಥ್ ಉದ್ದ, ಒಬ್ಬನ್ನ ನಿಲ್ಲಿಸಿ ಎಲ್ಲಾರದೂ ಮೈ ಬರೀಲಿಕ್ಕೆ ಆಗೂದಿಲ್ಲ.

ಅಲ್ಲಿ ಕ್ಯಾಪಿನ ಬುಡಕ ನೋಡ್ರಿ. ಬಿಸಿಲು ಮ್ಯಾಲಿಂದ ಬಿದ್ದು ಕ್ಯಾಪಿನ ಅಂಚಿನ ನೆರಳು ಕಣ್ಣು ದಾಟಿ ಮೂಗಿನ ಅರ್ಧಕ್ಕ ನಿಂತಿರ್ತೈತಿ. ಫೋಟೋದಾಗ ಅದು ಕರ್ರಗ ಕಾಣ್ತೈತಿ, ಖರೇನ ಕಣ್ಣಿಗೆ ಅದು ಕಪ್ಪಲ್ಲ, ಬೆಚ್ಚನ ಕಂದು. ಗದ್ದದ ಕೆಳಗ, ದವಡಿ ಅಂಚಿಗೆ ಹುಲ್ಲಿನಿಂದ ತಿರುಗಿ ಬಂದ ಹಸಿರು ಬೆಳಕು ಸಣ್ಣಗ ಹತ್ತಿರ್ತೈತಿ, ಬಿಳಿ ಶರ್ಟಿನಿಂದ ಬಂದ ಬೆಳಕು ಕುತ್ತಿಗಿಗೆ ಬ್ಯಾರೆ. ಈ ಹಸಿರು ಒಂದು ಹಿಡದ್ರಿ ಅಂದ್ರ ಹಿಂದ ಸ್ಟೇಡಿಯಂ ಬರಿಯೂ ಗರಜ ಇಲ್ಲ, ಮನಷಾ ಗ್ರೌಂಡಿನಾಗ ನಿಂತಾನ ಅಂತ ನೋಡೋರಿಗೆ ಗೊತ್ತಾಗ್ತೈತಿ.

ಕೈ. ಇದಕ್ಕ ನಾ ಮುಖದಷ್ಟ ಟೈಮ್ ಕೊಡ್ತೀನಿ. ಪ್ರಸನ್ನ ಅವರಂಥ ಆಫ್ ಸ್ಪಿನ್ನರ್ ಆದ್ರ ತೋರ್ಬೆರಳು, ನಡುಬೆರಳು ಸೀಮ್ (ಬಾಲಿನ ನಡುವಿನ ಹೊಲಿಗಿ) ಮ್ಯಾಲ ಅಗಲಕ್ಕ ಹರಡಿರ್ತಾವ, ತಿರುವೂ ಕೆಲಸ ತೋರ್ಬೆರಳಿಂದು. ಲೆಗ್ ಸ್ಪಿನ್ನರ್‌ಗೆ ಉಂಗುರ ಬೆರಳು ಮಡಚಿ ಬಾಲಿಗೆ ಆನಿಸಿರ್ತೈತಿ. ಸೀಮಿನ ಹೊಲಿಗಿ ಆರು ಸಾಲು, ಎಣಿಸೋರು ಬರ್ತಾರ. ಚಂದ್ರಶೇಖರ್ ಅವರದು ಬರಿಯೋರಿಗೆ ವಿಶೇಷ ಮಾತು: ಸಣ್ಣವರಿದ್ದಾಗ ಪೋಲಿಯೋ ಆಗಿ ಬಲಗೈ ಸಣಕಲಾತು, ಫೀಲ್ಡಿಂಗಿನಾಗ ಥ್ರೋ ಮಾಡ್ತಿದ್ದದ್ದು ಎಡಗೈಲೆ, ಆದ್ರ 1971ರಾಗ ಓವಲ್‌ನಾಗ 38 ರನ್ನಿಗೆ 6 ವಿಕೆಟ್ ತಗೊಂಡು ಇಂಗ್ಲೆಂಡನ್ನ ಮಲಗಿಸಿದ್ದು ಅದ ಬಲಗೈ. ತೋಳು ಮಣಿಕಟ್ಟಿನ ತನಕ ಇಳಿಬಿಟ್ಟು ಗುಂಡಿ ಹಾಕ್ಕೊಂಡ ಬೌಲಿಂಗ್ ಮಾಡ್ತಿದ್ರು. ಚಂದ ಕಾಣ್ಲಿ ಅಂತ ಆ ತೋಳಿನೊಳಗ ಮಾಂಸ ತುಂಬಬ್ಯಾಡ್ರಿ. ಬಟ್ಟಿ ಜೋತು ಬೀಳ್ಬೇಕು, ಒಳಗ ಕೈ ಸಣ್ಣದೈತಿ ಅಂತ ಮಡಿಕಿ ಹೇಳ್ಬೇಕು.

ದ್ರಾವಿಡ್ ಅವರದು ಬ್ಯಾರೆ ಪಂಚಾಯ್ತಿ. 2003ರ ಅಡಿಲೇಡ್, 233 ಮತ್ತ ಔಟಾಗದ 72, ಅದನ್ನ ಕೇಳ್ತಾರ, ಆದ್ರ ಹೆಲ್ಮೆಟ್ ಜಾಳಿಗಿ ಹಿಂದ ಪೋರ್ಟ್ರೇಟ್ ಎಲ್ಲಿಂದ ಬರಬೇಕು. ಹೆಲ್ಮೆಟ್ ತಗದು ಕೈಯಾಗ ಹಿಡದದ್ದು, ಕೂದಲು ಬೆವತು ಹಣಿಗೆ ಹತ್ತಿದ್ದು, ಹಂಗ ಮಾಡಿದ್ರ ಮುಖಾನೂ ಸಿಗ್ತೈತಿ, ಆ ಇನಿಂಗ್ಸಿನ ದಣಿವೂ ಸಿಗ್ತೈತಿ.

ಕ್ಯಾನ್ವಾಸು, ಬಣ್ಣ

ಲಿನನ್ ಕ್ಯಾನ್ವಾಸ್ ತಗೋರಿ, ಬಜೆಟ್ ಇಲ್ಲಂದ್ರ ದಪ್ಪ ಕಾಟನ್. ಸ್ಟ್ರೆಚರ್ (ಕ್ಯಾನ್ವಾಸ್ ಬಿಗಿಯೂ ಕಟ್ಟಿಗಿ) ಚೌಕಟ್ಟು ಚಲೋ ಒಣಗಿದ ಸಾಗವಾನಿದಿರಲಿ, ಮೂರು ಅಡಿ ಮೀರಿದ್ರ ನಡುವ ಅಡ್ಡಪಟ್ಟಿ ಕೊಡಸ್ರಿ, ಮೂಲಿಗೆ ಬೆಣಿ ಹಾಕೂ ಸಂದು ಬೇಕ, ಮಳಿಗಾಲದಾಗ ಬಟ್ಟಿ ಸಡಲಾದ್ರ ಬಡದು ಬಿಗಿ ಮಾಡಾಕ. ಬಣ್ಣ ಆರ್ಟಿಸ್ಟ್ ಗ್ರೇಡ್ ಮಾತ್ರ, ಇಲ್ಲಿ ಸಿಗಲಿಲ್ಲಂದ್ರ ಪುಣೆ, ಬೆಂಗಳೂರಿಂದ ತರಸ್ರಿ. ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ರಾ ಅಂಬರ್, ಅಲ್ಟ್ರಾಮರೀನ್, ಕ್ಯಾಡ್ಮಿಯಂ ರೆಡ್, ಇಷ್ಟರಾಗ ನಮ್ಮ ಮಂದಿ ಮೈಬಣ್ಣ ಎಲ್ಲಾ ಬರ್ತೈತಿ. ಹಳೇ ಥರದ ಅಲಿಜರಿನ್ ಕ್ರಿಮ್ಸನ್ ಬೆಳಕಿಗೆ ಮಾಸ್ತೈತಿ, ಪರ್ಮನೆಂಟ್ ಅಂತ ಬರದದ್ದ ತಗೋರಿ. ಜಿಂಕ್ ವೈಟ್ ದೂರ ಇಡ್ರಿ, ಆಯಿಲ್‌ನಾಗ ಅದು ವರ್ಷ ಕಳದಂಗ ಬಿರುಸಾಗಿ ಬಿರುಕು ಬಿಡ್ತೈತಿ.

ಟೈಮ್ ಎರಡು ತಿಂಗಳೊಳಗಿದ್ರ ಆಯಿಲ್ ಒಪ್ಪಬ್ಯಾಡ್ರಿ, ಅಕ್ರಿಲಿಕ್ ಮಾಡ್ರಿ. ಹಸಿ ಆಯಿಲ್ ಚಿತ್ರ ಗೋಡಿಗೆ ತೂಗಹಾಕಿ, ಉದ್ಘಾಟನಿ ದಿನ ಯಾರರೆ ಬೆರಳಿಟ್ಟು ನೋಡಿ, ಆ ಬೆರಳಿನ ಗುರುತು ಕುಂಬ್ಳೆ ಗಲ್ಲದ ಮ್ಯಾಲ ಕಾಯಂ ಉಳಿಯೂದಕ್ಕಿಂತ ಅಕ್ರಿಲಿಕ್ ಎಷ್ಟೋ ವಾಸಿ.

ಸ್ಕೆಚ್ ಮತ್ತ ಕಮಿಟಿ

ಚಾರ್ಕೋಲ್‌ನಾಗ ಪೂರಾ ಅಳತಿ ಸ್ಕೆಚ್ ಮಾಡಿ ತೋರಸ್ರಿ. ಗ್ರಿಡ್, ಪ್ರೊಜೆಕ್ಟರ್ ಏನ ಬಳಸ್ರಿ, ನನಗ ತಕರಾರಿಲ್ಲ, ಆದ್ರ ಲೆನ್ಸಿನ ಸುಳ್ಳು ತಿದ್ದಿದ ಮ್ಯಾಲ. ಕಮಿಟಿಯಾಗ ಏಳೆಂಟು ಮಂದಿ ಇರ್ತಾರ, ಒಬ್ರು ಮೂಗು ಅಂತಾರ, ಇನ್ನೊಬ್ರು ಸ್ವಲ್ಪ ಬೆಳ್ಳಗ ಮಾಡ್ರಿ ಅಂತಾರ. ಈ ಬೆಳ್ಳಗ ಮಾಡ್ರಿ ಅನ್ನೂದಕ್ಕ ಸೊಪ್ಪು ಹಾಕಬ್ಯಾಡ್ರಿ. ಬಿಸಿಲಾಗ ದಿನಗಟ್ಟಲೆ ನಿಂತವರ ಮೈಬಣ್ಣ ಅದು. ಸಹಿ ಮಾಡೋ ಹಕ್ಕು ಒಬ್ಬರಿಗೇ ಇರಲಿ ಅಂತ ಮೊದಲ ಬರಸ್ರಿ, ಸ್ಕೆಚ್ ಆದಾಗ ಒಂದು ಸಹಿ, ಒಂದ ಬಣ್ಣದ ಅಂಡರ್‌ಪೇಂಟಿಂಗ್ (ಕೆಳಗಿನ ಮೊದಲ ಪದರ) ಆದಾಗ ಇನ್ನೊಂದು. ಅದರ ನಂತರ ನಿಲುವು ಬದಲಾಯಿಸು ಅಂದ್ರ ಬ್ಯಾರೆ ದುಡ್ಡು.

ಬಣ್ಣ ಹಚ್ಚೂದು

ಕ್ಯಾನ್ವಾಸ್ ಬಿಳೀದ ಬಿಡಬ್ಯಾಡ್ರಿ, ತೆಳ್ಳಗ ಅಂಬರ್ ಒರಸ್ರಿ, ಬಿಳಿ ಬಟ್ಟಿ ಬರಿಯೋರಿಗೆ ಇದು ಕಡ್ಡಾಯ, ಇಲ್ಲಂದ್ರ ಬಿಳಿ ಯಾವುದು ಬೆಳಕು ಯಾವುದು ತಿಳಿಯೂದಿಲ್ಲ. ಮೊದಲ ಪದರಕ್ಕ ಎಣ್ಣಿ ಕಡಿಮಿ, ಮ್ಯಾಲ ಹೋದಂಗ ಎಣ್ಣಿ ಜಾಸ್ತಿ, ಉಲ್ಟಾ ಮಾಡಿದ್ರ ಮ್ಯಾಲಿನ ಪದರ ಮೊದಲ ಒಣಗಿ ಸೀಳ್ತೈತಿ.

ಬಿಳಿ ಡ್ರೆಸ್ಸಿನಾಗ ಟ್ಯೂಬಿನ ಬಿಳಿ ಹಂಗ ಎಲ್ಲೂ ಹಚ್ಚಬ್ಯಾಡ್ರಿ. 50, 60ರ ದಶಕದ ಫ್ಲಾನೆಲ್ ಪ್ಯಾಂಟ್ ಕೆನಿ ಬಣ್ಣದ್ದು, ಓಕರ್ ಸೇರಸ್ರಿ. ಈಚಿನ ಪಾಲಿಯೆಸ್ಟರ್ ನೀಲಿಗಟ್ಟಿದ ಬಿಳಿ, ಒಂದು ಚೂರು ಅಲ್ಟ್ರಾಮರೀನ್. ನೆರಳಿಗೆ ನೇರಳಿ ಕಲಸಿದ ಬೂದಿ. ಅಪ್ಪಟ ಬಿಳಿ ಒಂದ ಭುಜದ ಮ್ಯಾಲ, ಬಿಸಿಲು ನೇರ ಬಿದ್ದಲ್ಲಿ, ಅಷ್ಟ. ಮತ್ತ ಬೌಲರ್ ಆದ್ರ ಪ್ಯಾಂಟಿನ ತೊಡಿ ಹತ್ರ ಬಾಲ್ ತಿಕ್ಕಿ ತಿಕ್ಕಿ ಆದ ಕೆಂಪು ಗುರುತು ಮರೀಬ್ಯಾಡ್ರಿ. ಕಮಿಟಿಯವರು ಇದೇನ್ರೀ ಕಲೆ ಅಂತಾರ, ಕ್ರಿಕೆಟ್ ಆಡಿದವ ಒಬ್ಬ ಇದ್ರ ಅಂವ ಅವರಿಗೆ ಹೇಳ್ತಾನ.

ಕಣ್ಣು ಕೊನಿಗೆ. ಬ್ಯಾಟ್ಸ್‌ಮನ್ ಕಣ್ಣು ನೋಡೋರನ್ನ ನೋಡಬೇಕು ಅಂತ ಏನೂ ಇಲ್ಲ, 22 ಗಜ ಆಚೆ ನೆಟ್ಟ ನೋಟ ಇದ್ರ ಚಿತ್ರಕ್ಕ ಬ್ಯಾರೇನ ಗತ್ತು ಬರ್ತೈತಿ.

ಒಣಗೂದು

ನಮ್ಮ ಬೆಳಗಾವಿ ಮಳಿ ಗೊತ್ತಲ್ಲ, ಜೂನಿಂದ ಸೆಪ್ಟೆಂಬರ್ ತನಕ ಹಾಸಿಗೀನ ಹಸಿ ಇರ್ತೈತಿ, ಆಯಿಲ್ ಎಲ್ಲಿ ಒಣಗಬೇಕು, ಕ್ಯಾನ್ವಾಸ್ ಹಿಂದ ಬೂಸ್ಟು ಹಿಡೀತೈತಿ. ಆಯಿಲ್ ಕೆಲಸ ದಸರಾ ಆದ ಮ್ಯಾಲ ಹಿಡದು ಬ್ಯಾಸಗಿಯೊಳಗ ಮುಗಸ್ರಿ. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಉಲ್ಟಾ ತ್ರಾಸು, ಒಣಗೂದು ಲಗೂನ, ಆದ್ರ ಧೂಳು ಹಸಿ ಬಣ್ಣಕ್ಕ ಮೆತ್ಕೊಂತೈತಿ, ಚಿತ್ರದ ಮುಖ ಗೋಡಿ ಕಡೆ ವಾರೆ ಮಾಡಿ ಆನಿಸಿ ಇಡ್ರಿ. ಮುಟ್ಟಿದ್ರ ಹತ್ತೂದಿಲ್ಲ ಅಂದ್ರ ಒಣಗೇತಿ ಅಂತಲ್ಲ, ಕೊನಿ ವಾರ್ನಿಷಿಗೆ ಆರು ತಿಂಗಳರೆ ಬೇಕು, ದಪ್ಪ ಹಚ್ಚಿದ್ರ ವರ್ಷ. ಉದ್ಘಾಟನಿ ಅಷ್ಟು ದಿನ ಕಾಯೂದಿಲ್ಲ, ಹಂಗಾಗಿ ರಿಟಚ್ ವಾರ್ನಿಷ್ (ತಾತ್ಕಾಲಿಕ ವಾರ್ನಿಷ್) ತೆಳ್ಳಗ ಹೊಡದು ಕೊಟ್ಟು, ಕೊನಿ ವಾರ್ನಿಷಿಗೆ ನಾನ ಬಂದು ಹೋಗ್ತೀನಿ, ಹೋಗಿಬರೂ ಖರ್ಚು ಅವರದು ಅಂತ ಒಪ್ಪಂದದಾಗ ಇಡ್ರಿ.

ಸಾಗಿಸೂದು, ತೂಗಹಾಕೂದು

ಬಸ್ಸಿನ ಡಿಕ್ಕಿಯಾಗ ಹಾಕಬ್ಯಾಡ್ರಿ. ಟೆಂಪೋದಾಗ ನಿಲ್ಲಿಸಿ ಕಟ್ಟಿ ಒಯ್ಯಿರಿ, ಮೊದಲ ಗ್ಲಾಸಿನ್ ಪೇಪರ್ (ನುಣುಪಾದ ತೆಳು ಕಾಗದ), ಅದರ ಮ್ಯಾಲ ಬಬಲ್ ಶೀಟ್. ಬಬಲ್ ನೇರ ತಾಗಿದ್ರ ಗುಳ್ಳಿ ಗುರುತು ಬೀಳ್ತೈತಿ.

ಗೋಡಿ ನೀವ ನೋಡ್ರಿ. ನಮ್ಮ ಕಡೆ ಮಳಿ ಪಶ್ಚಿಮದಿಂದ ಹೊಡೀತೈತಿ, ಪಡುವಣ ಹೊರಗೋಡಿ ಹಸಿ ಹೀರ್ತೈತಿ, ಅದಕ್ಕ ಚಿತ್ರ ಹಾಕಿದ್ರ ಎರಡು ಮಳಿಗಾಲಕ್ಕ ಮುಗೀತು. ಒಳಗಿನ ಗೋಡಿ ಕೇಳ್ರಿ, ಫ್ರೇಮಿನ ಹಿಂದ ನಾಲ್ಕು ಮೂಲಿಗೆ ಕಾರ್ಕ್ ಚೂರು ಹಚ್ಚಿ ಗಾಳಿ ಆಡಾಕ ಸಂದು ಬಿಡ್ರಿ. ಚಿತ್ರದ ನಡು ನೆಲದಿಂದ 57ರಿಂದ 60 ಇಂಚಿಗೆ ಬರಲಿ, ಸಾಲಿ ಹುಡುಗರು ಜಾಸ್ತಿ ಬರೋ ಜಾಗ ಆದ್ರ ಇನ್ನೊಂದೀಟು ಕೆಳಗ. ಬೆಳಕು 150ರಿಂದ 200 ಲಕ್ಸ್ (ಬೆಳಕಿನ ಅಳತಿ) ಸಾಕು, ಸಿಆರ್‌ಐ, ಅಂದ್ರ ಬಣ್ಣ ಖರೇ ತೋರ್ಸೋ ಅಂಕಿ, 90ರ ಮ್ಯಾಲಿನ ಎಲ್‌ಇಡಿ ಹಾಕಸ್ರಿ, ಅಗ್ಗದ್ದು ಹಾಕಿದ್ರ ಮೈಬಣ್ಣ ಎಲ್ಲಾ ಹಸಿರು ಹೊಡೀತೈತಿ. ಕಿಟಕಿ ಬಿಸಿಲು ನೇರ ಬೀಳಬಾರದು.

ಲೇಬಲ್ಲಿನಾಗ ಆಟಗಾರರ ಹೆಸರು, ಚಿತ್ರ ಯಾವ ವರ್ಷದ ಯಾವ ಮ್ಯಾಚಿಂದು, ಮಾಧ್ಯಮ, ಅಳತಿ, ಬರದ ವರ್ಷ, ನಿಮ್ಮ ಹೆಸರು, ಯಾರ ಫೋಟೋ ನೋಡಿ ಬರದ್ರಿ ಅನ್ನೂದು. ದಾಖಲೆ ಹಾಕೂದಿದ್ರ ಹೇಳಿಕಿ ಮಾತಿನ ಮ್ಯಾಲ ಹಾಕಬ್ಯಾಡ್ರಿ, ಕುಂಬ್ಳೆ 619 ಟೆಸ್ಟ್ ವಿಕೆಟ್, ವಿಶ್ವನಾಥ್ 6,080 ರನ್, ದ್ರಾವಿಡ್ 13,288 ಅಂತ ಸ್ಕೋರ್‌ಬುಕ್ ನೋಡಿ ಬರಸ್ರಿ. ಕ್ಯಾನ್ವಾಸ್ ಹಿಂದ ಒಂದು ಚೀಟಿ ಅಂಟಸ್ರಿ, ಯಾವ ಕಂಪನಿ ಬಣ್ಣ, ಯಾವ ವಾರ್ನಿಷ್, ಯಾವ ತಿಂಗಳು ಹಚ್ಚಿದ್ದು, ಮುಂದ ರಿಪೇರಿ ಮಾಡೋವಂಗ ಬೇಕಾಗ್ತೈತಿ.

ಮತ್ತ ಅಲ್ಲಿ ಕಸ ಹೊಡಿಯೋ ಅಕ್ಕಾರಿಗೆ, ವಾಚ್‌ಮನ್ ಕಾಕಾಗ ಖುದ್ದಾಗಿ ಹೇಳಿ ಬರ್ರಿ: ಒದ್ದಿ ಅರಿವಿ, ಕಾಲಿನ್, ಕೊಬ್ಬರಿ ಎಣ್ಣಿ ಯಾವುದೂ ಹಚ್ಚಬ್ಯಾಡ್ರಿ, ಮೆತ್ತನ ಒಣಾ ಬ್ರಶ್‌ಲೆ ಮ್ಯಾಲಿಂದ ಕೆಳಗ ಹಗೂರಕ ಧೂಳು ಜಾಡಸ್ರಿ, ದೀಪಾವಳಿಗೆ ಗೋಡಿಗೆ ಸುಣ್ಣ ಬಣ್ಣ ಹೊಡ್ಸೂದಾದ್ರ ಮೊದಲ ಚಿತ್ರ ಇಳಿಸಿ ಒಳಗ ಇಡ್ರಿ ಅಂತ. ಬ್ರಶ್ ಒಂದು ನೀವ ಕೊಟ್ಟು ಬರ್ರಿ.